ಬೇಲಿಟ್ಸ್‌ನ ಬೇಲಿ ಹಾರಿದವರು ಯಾರಾದರೂ ಇದ್ದೀರಾ?

ತೀರ್ಥಹಳ್ಳಿ ಹುಡುಗ
ಎಲ್ಲರಿಗೂ ನಮಸ್ಕಾರ. ಮಾಸ್ಟರ್ಸ್ ಓದಲು ಬರ್ಲಿನ್‌ಗೆ ಬಂದು ಎಂಟು ತಿಂಗಳಾಯಿತು. ಮ್ಯೂಸಿಯಂ, ಗೋಡೆ, ಗೇಟು ಎಲ್ಲ ನೋಡಿ ಮುಗೀತು. ಈಗ ತಲೆಗೆ ಹತ್ತಿರೋದು ಪಾಳುಬಿದ್ದ ಜಾಗಗಳ ಹುಚ್ಚು. ಪೂರ್ವ ಜರ್ಮನಿಯಲ್ಲಿದ್ದ ಸೋವಿಯತ್ ಸೇನೆ 1994ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಹೋಯಿತಲ್ಲ, ಅವರು ಬಿಟ್ಟುಹೋದ ಬ್ಯಾರಕ್ಕು, ಆಸ್ಪತ್ರೆ, ಬಂಕರುಗಳು ಊರಾಚೆ ಕಾಡಿನಲ್ಲಿ ಹಾಗೇ ನಿಂತಿವೆಯಂತೆ.

ನನ್ನ ಪಟ್ಟಿ: ಬೇಲಿಟ್ಸ್ ಆಸ್ಪತ್ರೆ, ವ್ಯೂನ್ಸ್‌ಡಾರ್ಫ್, ಫೋಗೆಲ್‌ಸಾಂಗ್, ಟೊಯ್ಫೆಲ್ಸ್‌ಬೆರ್ಗ್. ಬೇಲಿ ಎಲ್ಲಿ ಹರಿದಿದೆ, ಕಾವಲಿನವರು ಯಾವ ಹೊತ್ತಿಗೆ ಇರಲ್ಲ ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ. ಜೊತೆಗೆ ಬರುವವರಿದ್ದರೂ ಹೇಳಿ. ಕ್ಯಾಮೆರಾ ಇದೆ, ಟಾರ್ಚ್ ಇದೆ, ಧೈರ್ಯ ಅರ್ಧ ಇದೆ.

ಹಳೇ ಬರ್ಲಿನಿಗ
ಮೊದಲು ಪಟ್ಟಿಯಿಂದ ಟೊಯ್ಫೆಲ್ಸ್‌ಬೆರ್ಗ್ ತೆಗಿ ತಮ್ಮಾ. ಅದು ಪಶ್ಚಿಮ ಬರ್ಲಿನ್‌ನಲ್ಲಿ ಅಮೆರಿಕನ್ನರು, ಬ್ರಿಟಿಷರು ಕೂತು ಕದ್ದು ಕೇಳುತ್ತಿದ್ದ ಠಾಣೆ. ಕೇಳುತ್ತಿದ್ದದ್ದು ಕಮ್ಯುನಿಸ್ಟರ ಮಾತನ್ನೇ, ಆದರೆ ಕಟ್ಟಿದ್ದು ಅವರಲ್ಲ. ಆ ಬೆಟ್ಟ ಕೂಡ ಬೆಟ್ಟವಲ್ಲ, ಯುದ್ಧದಲ್ಲಿ ಉರುಳಿದ ಬರ್ಲಿನ್ ಮನೆಗಳ ಇಟ್ಟಿಗೆ ರಾಶಿ. ಟಿಕೆಟ್ ತಗೊಂಡರೆ ಬಾಗಿಲಿಂದಲೇ ಬಿಡ್ತಾರೆ.

ಇನ್ನು ಬೇಲಿಟ್ಸ್‌ನಲ್ಲಿ ಬೇಲಿ ಹಾರುವ ಕಾಲ ಮುಗಿದು ಹತ್ತು ವರ್ಷವಾಯಿತು. 2015ರಿಂದ ಅಲ್ಲಿ ಮರಗಳ ತಲೆಯ ಮಟ್ಟದಲ್ಲಿ ನಡೆಯುವ ಸೇತುವೆ ಇದೆ. ಮೇಲಿಂದ ನೋಡಿದರೆ ಕೆಳಗೊಂದು ಉದ್ದನೆಯ ಕಟ್ಟಡ. 1945ರಲ್ಲಿ ಸುಟ್ಟುಹೋದದ್ದು, ಮತ್ತೆ ಯಾರೂ ರಿಪೇರಿ ಮಾಡಲಿಲ್ಲ. ಅದರ ತಾರಸಿಯ ಮೇಲೆ ಪೈನ್ ಮರಗಳೇ ಬೆಳೆದುಬಿಟ್ಟಿವೆ. ಕುಂಡದಲ್ಲಿ ಗಿಡ ಇಟ್ಟ ಹಾಗೆ ಆಸ್ಪತ್ರೆಯ ತಲೆ ಮೇಲೆ ಕಾಡು.

ಇದನ್ನು ಕಟ್ಟಲು ಶುರು ಮಾಡಿದ್ದು 1898ರಲ್ಲಿ, ಬರ್ಲಿನ್‌ನ ಕೂಲಿ ಕಾರ್ಮಿಕರ ಕ್ಷಯರೋಗ ವಾಸಿ ಮಾಡಲಿಕ್ಕೆ. ಮೊದಲ ಮಹಾಯುದ್ಧದಲ್ಲಿ ಕಾಲಿಗೆ ಗಾಯವಾದ ಹಿಟ್ಲರ್ 1916ರಲ್ಲಿ ಇಲ್ಲೇ ಮಲಗಿದ್ದ. 1945ರಿಂದ 1994ರವರೆಗೆ ಸೋವಿಯತ್ ಸೇನೆಯ ಆಸ್ಪತ್ರೆ. ನನಗೆ ತಮಾಷೆ ಅನ್ನಿಸೋದು ಹೋನೆಕರ್ ಕಥೆ. 1961ರಲ್ಲಿ ಬರ್ಲಿನ್ ಗೋಡೆ ಎಬ್ಬಿಸಿದ ಕೆಲಸದ ಮೇಸ್ತ್ರಿ ಆತನೇ, ಆಮೇಲೆ ಪೂರ್ವ ಜರ್ಮನಿಯ ದೊರೆಯಾದ. ಗೋಡೆ ಬಿದ್ದ ಮೇಲೆ ಸ್ವಂತ ದೇಶದಲ್ಲೇ ತಲೆ ಇಡಲು ಜಾಗ ಸಿಗದೆ 1990ರಲ್ಲಿ ಹೆಂಡತಿ ಜೊತೆ ಈ ಆಸ್ಪತ್ರೆ ಸೇರಿಕೊಂಡ. ವಾರಂಟ್ ಇತ್ತು, ಆದರೆ ಸೋವಿಯತ್ ಗೇಟು ದಾಟಿ ಹಿಡಿಯೋಕೆ ಜರ್ಮನ್ ಪೊಲೀಸರಿಗೆ ಆಗುತ್ತಿರಲಿಲ್ಲ. 1991ರ ಮಾರ್ಚ್‌ನಲ್ಲಿ ಮಾಸ್ಕೋಗೆ ವಿಮಾನ ಹತ್ತಿಸಿ ಕಳಿಸಿದರು.

ಕಾನೂನು ಕಾಫಿ
ಬೇಲಿಯಲ್ಲಿ ತೂತಿದ್ದರೆ ಒಳಗೆ ಹೋಗಬಹುದು ಅಂತ ಅರ್ಥವಲ್ಲ. ಇಲ್ಲಿ ಅದಕ್ಕೆ ಹೌಸ್‌ಫ್ರೀಡೆನ್ಸ್‌ಬ್ರುಖ್ ಅಂತಾರೆ. ಬಿಡಿಸಿ ಓದಿದರೆ ಮನೆಯ ನೆಮ್ಮದಿ ಮುರಿಯೋದು. ಮನೆಯಲ್ಲಿ ಬಾವಲಿ ಬಿಟ್ಟರೆ ಯಾರೂ ಇಲ್ಲದಿದ್ದರೂ ನೆಮ್ಮದಿ ಮಾಲೀಕನದೇ! ದಂಡಸಂಹಿತೆಯ 123ನೇ ಕಲಮು, ದಂಡ ಅಥವಾ ಒಂದು ವರ್ಷದವರೆಗೆ ಜೈಲು. ಮಾಲೀಕ ದೂರು ಕೊಟ್ಟರೆ ಮಾತ್ರ ಕೇಸು ನಡೆಯುತ್ತದೆ, ನಿಜ. ಆದರೆ ಕೊಡಲ್ಲ ಅನ್ನೋ ನಂಬಿಕೆ ಮೇಲೆ ವೀಸಾ ಇಟ್ಟುಕೊಂಡವರು ಜೂಜಾಡಬಾರದು. ಒಳಗಿಂದ ಒಂದು ಹಳೇ ಬ್ಯಾಡ್ಜೋ ಬೋರ್ಡೋ ಜೇಬಿಗೆ ಹಾಕಿಕೊಂಡರೆ ಅದು ಕಳ್ಳತನದ ಲೆಕ್ಕಕ್ಕೆ ಹೋಗಬಹುದು. ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗ ಹಳೇ ಶಿಕ್ಷೆಗಳನ್ನೆಲ್ಲ ತೆಗೆದು ನೋಡ್ತಾರೆ.

ಬಿದ್ದು ಎದ್ದವನು
ನಾನು ಉಪದೇಶ ಮಾಡಲ್ಲ, ನನಗೆ ಆದದ್ದು ಹೇಳ್ತೀನಿ. ಐದಾರು ವರ್ಷದ ಹಿಂದೆ, ಊರಿನ ಹೆಸರು ಬೇಡ, ಒಂದು ಮುಚ್ಚಿದ ಕಾರ್ಖಾನೆಗೆ ನಾವಿಬ್ಬರು ನುಗ್ಗಿದ್ದೆವು. ಎರಡನೇ ಮಹಡಿಯಲ್ಲಿ ಕಂದು ಲಿನೋಲಿಯಂ ಹಾಸಿದ ಆಫೀಸು ಕೋಣೆ. ನೆಲ ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದರೆ ಧೂಳು ಒರೆಸಿದರೆ ನಾಳೆಯೇ ಕೆಲಸ ಶುರು ಮಾಡಬಹುದು. ಮೂರನೇ ಹೆಜ್ಜೆಗೆ ಬಲಗಾಲು ತೊಡೆತನಕ ಒಳಗೆ ಹೋಯಿತು. ಲಿನೋಲಿಯಂ ಕೆಳಗಿನ ಹಲಗೆ ನೆನೆದು ನೆನೆದು ರವೆ ಉಂಡೆಯ ಹಾಗೆ ಪುಡಿಯಾಗಿತ್ತು. ಗೆಳೆಯ ಮೊದಲು ನಕ್ಕ. ಆಮೇಲೆ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ ಸುಮ್ಮನಾದ. ಕೆಳಗೆ ಏನೂ ಇರಲಿಲ್ಲ, ನೇರ ಮೆಷಿನ್ ಹಾಲ್‌ನ ನೆಲ.

ಇನ್ನೊಂದು. ಇಂಥ ಕಡೆ ಗುಜರಿ ಕಳ್ಳರು ನಮಗಿಂತ ಮೊದಲೇ ಬಂದು ಹೋಗಿರ್ತಾರೆ. ಮೆಟ್ಟಿಲಿನ ಕಂಬಿ, ಚರಂಡಿ ಮುಚ್ಚಳ, ಲಿಫ್ಟ್ ಬಾಗಿಲು, ಕಬ್ಬಿಣ ಅಂತ ಇದ್ದದ್ದೆಲ್ಲ ಕಿತ್ತುಕೊಂಡು ಹೋಗಿರ್ತಾರೆ. ಕತ್ತಲಲ್ಲಿ ಬಾಗಿಲು ಅಂದುಕೊಂಡದ್ದು ಲಿಫ್ಟಿನ ಬಾವಿ ಆಗಿರಬಹುದು. ಒಡೆದ ಬೂದು ಶೀಟುಗಳು ಕಂಡರೆ ಮುಟ್ಟಬೇಡಿ, ಆ ಕಾಲದ ಕಟ್ಟಡಗಳಲ್ಲಿ ಕಲ್ನಾರು ಧಾರಾಳವಾಗಿ ಬಳಸಿದ್ದಾರೆ. ಮನೆಗೆ ಬಂದು ಮೊಣಕಾಲ ಹಿಂದೆ ಉಣ್ಣೆ ಹುಳ ಕಚ್ಚಿಕೊಂಡಿದೆಯಾ ನೋಡಿಕೊಳ್ಳಿ. ನನಗೆ ಎರಡು ಸಿಕ್ಕಿದವು.

ತೀರ್ಥಹಳ್ಳಿ ಹುಡುಗ
ಎಲ್ಲರೂ ಸೇರಿ ನಮ್ಮಪ್ಪನ ಥರ ಮಾತಾಡ್ತಿದ್ದೀರಲ್ಲ! ಉಣ್ಣೆ ಹುಳಕ್ಕೆ ಹೆದರೋಕೆ ನಾನೇನು ಪೇಟೆ ಹುಡುಗನಾ, ಉಂಬಳದ ಊರಿನವನು. ಸರಿ, ಬೇಲಿಟ್ಸ್‌ಗೆ ಟಿಕೆಟ್ ತಗೊಂಡೇ ಹೋಗ್ತೀನಿ. ಫೋಗೆಲ್‌ಸಾಂಗ್ ಹೇಗೆ? ಅದು ದೊಡ್ಡ ಕಾಡಂತೆ, ಕಾವಲು ಇರಲ್ಲ ಅಲ್ವಾ?

ನಕ್ಷೆ ಮಾವ
ಫೋಗೆಲ್‌ಸಾಂಗ್ ಅಂದರೆ ಹಕ್ಕಿಯ ಹಾಡು. ಆ ಹೆಸರಿನ ಊರಿನ ಪಕ್ಕದ ಕಾಡಿಗೆ ಸೋವಿಯತ್ ಸೇನೆ 1959ರಲ್ಲಿ ಅಣುಬಾಂಬ್ ಹೊರುವ ಆರ್-5 ಕ್ಷಿಪಣಿಗಳನ್ನು ತಂದಿಟ್ಟಿತು. 1,200 ಕಿಲೋಮೀಟರ್ ಹೋಗುವಂಥವು. ಲಂಡನ್, ಪ್ಯಾರಿಸ್ ಎರಡೂ ಅಳತೆಯೊಳಗೆ. ಸೋವಿಯತ್ ನೆಲದಾಚೆ ಇಂಥವನ್ನು ಇಟ್ಟದ್ದು ಅದೇ ಮೊದಲು, ಕ್ಯೂಬಾ ಗಲಾಟೆಗೆ ಮೂರು ವರ್ಷ ಮುಂಚೆ. ಕೆಲವೇ ತಿಂಗಳಲ್ಲಿ ವಾಪಸ್ ತಗೊಂಡು ಹೋದರು. ಈಗ ಅಲ್ಲಿ ಹೋದರೆ ನಿರಾಸೆ. ಕಟ್ಟಡಗಳನ್ನು ಕೆಡವಿ ಕಾಡಿಗೆ ಬಿಡುವ ಕೆಲಸ ವರ್ಷಗಳಿಂದ ನಡೆದಿದೆ.

ಕಾವಲು ಇಲ್ಲ ಅನ್ನೋದೇ ಅಪಾಯ. ಕಾವಲಿಗೆ ನೆಲವೇ ಇದೆ. ಬರ್ಲಿನ್ ಸುತ್ತಲಿನ ಬ್ರಾಂಡೆನ್‌ಬುರ್ಗ್ ರಾಜ್ಯದಷ್ಟು ಮದ್ದುಗುಂಡು ಹೂತುಕೊಂಡ ನೆಲ ಜರ್ಮನಿಯಲ್ಲಿ ಬೇರೆಲ್ಲೂ ಇಲ್ಲ. 1945ರ ಕೊನೆಯ ಕದನ ಇಲ್ಲೇ ಆಯಿತು, ಅದರ ಮೇಲೆ ನಲವತ್ತು ಚಿಲ್ಲರೆ ವರ್ಷ ಸೋವಿಯತ್ ಸೇನೆಯ ತಾಲೀಮು. 2018ರ ಆಗಸ್ಟ್‌ನಲ್ಲಿ ಟ್ರೊಯೆನ್‌ಬ್ರೀಟ್ಸೆನ್ ಹತ್ತಿರ ಸುಮಾರು 400 ಹೆಕ್ಟೇರ್ ಕಾಡಿಗೆ ಬೆಂಕಿ ಬಿತ್ತು. ಅಗ್ನಿಶಾಮಕದವರು ದಾರಿ ಬಿಟ್ಟು ಒಳಗೆ ಕಾಲಿಡಲಾಗದೆ ನಿಂತರು, ಬೆಂಕಿಯ ಕಾವಿಗೆ ಮಣ್ಣಿನೊಳಗಿನ ಹಳೇ ಗುಂಡುಗಳು ಸಿಡಿಯುತ್ತಿದ್ದವು. ಮೂರು ಹಳ್ಳಿ ಖಾಲಿ ಮಾಡಿಸಿದರು. ಬೋರ್ಡಿನಲ್ಲಿ ‘ಜೀವಾಪಾಯ’ ಅಂತ ಬರೆದಿದ್ದರೆ ಅದು ಹೆದರಿಸೋಕೆ ಬರೆದದ್ದಲ್ಲ.

ಪೇನೆಮ್ಯುಂಡೆ ಕಡೆಯ ಸಮುದ್ರ ತೀರಕ್ಕೆ ಹೋದವರು ಇದನ್ನೂ ನೆನಪಿಟ್ಟುಕೊಳ್ಳಿ. ಮರಳಲ್ಲಿ ಹಳದಿ ಕಲ್ಲು ಸಿಕ್ಕಿತು, ಅಂಬರ್ ಅಂತ ಜೇಬಿಗೆ ಹಾಕಬೇಡಿ. ಯುದ್ಧದ ಬಾಂಬುಗಳ ರಂಜಕ ಥೇಟ್ ಹಾಗೇ ಕಾಣುತ್ತದೆ. ಒದ್ದೆ ಇರುವವರೆಗೆ ಸುಮ್ಮನಿರುತ್ತದೆ, ಜೇಬಲ್ಲಿ ಒಣಗಿದ ಮೇಲೆ ತಾನೇ ಹೊತ್ತಿಕೊಳ್ಳುತ್ತದೆ. ಆರಿಸಲೇಬೇಕು ಅನ್ನುವವರು ತಗಡಿನ ಡಬ್ಬಿ ಒಯ್ಯಿರಿ.

ಚಾಂಪಿಯನ್ ರೀಫ್ ಮೊಮ್ಮಗ
ಓದ್ತಾ ಇದ್ದೆ, ಒಂದು ಮಾತು ಹೇಳಬೇಕು ಅನ್ನಿಸಿತು. ನಮ್ಮ ತಾತ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಭಾನುವಾರ ಬಂದರೆ ಸೈನೈಡ್ ಗುಡ್ಡದ ಮೇಲೆ ಬೆಂಗಳೂರಿನವರ ಫೋಟೊ ಶೂಟ್. ಕೆಳಗೆ ಲೈನ್ ಮನೆಗಳಲ್ಲಿ ನಮ್ಮ ಅತ್ತೆ ನೀರು ಹಿಡಿಯುತ್ತಿರ್ತಾರೆ. ಬಂದವರು ಹಾಕೋ ಶೀರ್ಷಿಕೆ ಏನು? ‘ದೆವ್ವದ ಊರು’. ನೀವು ಪಾಳು ಅನ್ನೋ ಜಾಗದ ಪಕ್ಕ ಯಾರಾದರೂ ಬಟ್ಟೆ ಒಣಹಾಕುತ್ತಿದ್ದಾರಾ ಅಂತ ಒಂದ್ಸಲ ನೋಡಿ.

ತೀರ್ಥಹಳ್ಳಿ ಹುಡುಗ
ಇಲ್ಲಿ ಇದ್ದವರು ರಷ್ಯಾಕ್ಕೆ ಹೋದರಲ್ಲ ಸಾರ್, ಪಕ್ಕದಲ್ಲಿ ಯಾರಿರ್ತಾರೆ?

ಹಾಲೆ ಅಕ್ಕ
ಸೈನಿಕರು ಹೋದರು. ಕಾರ್ಖಾನೆಯವರು ಎಲ್ಲಿಗೆ ಹೋಗ್ತಾರಪ್ಪ? 1990ರಲ್ಲಿ ಪೂರ್ವ ಜರ್ಮನಿಯ ಸುಮಾರು 8,500 ಸರ್ಕಾರಿ ಉದ್ಯಮಗಳನ್ನು ಟ್ರೊಯ್‌ಹಾಂಡ್ ಅನ್ನೋ ಒಂದೇ ಸಂಸ್ಥೆಯ ಕೈಗೆ ಕೊಟ್ಟರು. 40 ಲಕ್ಷ ಜನರ ಕೆಲಸ ಅದರೊಳಗಿತ್ತು. ನಾಲ್ಕು ವರ್ಷದಲ್ಲಿ ಮಾರಿದ್ದು ಮಾರಿ, ಮುಚ್ಚಿದ್ದು ಮುಚ್ಚಿ ಮುಗಿಸಿದರು. ಇಲ್ಲಿನ ವಯಸ್ಸಾದವರ ಮುಂದೆ ಆ ಹೆಸರು ಹೇಳಿ ನೋಡಿ, ಕಾಫಿ ಲೋಟ ಟೇಬಲ್ ಮೇಲೆ ಇಡೋ ಸದ್ದೇ ಬದಲಾಗುತ್ತದೆ.

ನಮ್ಮ ಮಹಡಿಯ ಕೆಳಗಿನ ಅಜ್ಜಿ ವೊಲ್ಫೆನ್ ಫಿಲ್ಮ್ ಕಾರ್ಖಾನೆಯಲ್ಲಿದ್ದವರು. ಶುರುವಾದದ್ದು 1909ರಲ್ಲಿ, ಆಗ ಆಗ್ಫಾ. 1936ರಲ್ಲಿ ಆಗ್ಫಾ ಕಲರ್ ಫಿಲ್ಮ್ ಹುಟ್ಟಿದ್ದು ಅಲ್ಲೇ. 1964ರಲ್ಲಿ ಹೆಸರು ಬದಲಿಸಿ ಓರ್ವೋ ಅಂತಿಟ್ಟರು, ಒರಿಜಿನಲ್ ವೊಲ್ಫೆನ್ ಅನ್ನೋದರ ಚುಟುಕು. ಕೊನೆಗಾಲದಲ್ಲಿ ಹದಿನೈದು ಸಾವಿರದ ಹತ್ತಿರ ಕೆಲಸಗಾರರು, ಅವರಲ್ಲಿ ಹೆಂಗಸರೇ ಜಾಸ್ತಿ. ಫಿಲ್ಮ್ ಅಲ್ವಾ, ಬೆಳಕು ತಾಗುವ ಹಾಗಿಲ್ಲ. ಇಡೀ ಪಾಳಿ ಕತ್ತಲಲ್ಲೇ. ಅಜ್ಜಿ ಹೇಳೋದು, ಎದುರು ಬರುವವಳು ಯಾರು ಅಂತ ಚಪ್ಪಲಿ ಸದ್ದಿನಲ್ಲೇ ಗೊತ್ತಾಗುತ್ತಿತ್ತಂತೆ. ಈಗಲೂ ಅವರು ರಾತ್ರಿ ಅಡುಗೆಮನೆ ದೀಪ ಹಾಕಲ್ಲ. ಕತ್ತಲಲ್ಲೇ ಲೋಟ ತೆಗೆದು, ನಲ್ಲಿ ತಿರುಗಿಸಿ, ಒಂದು ಹನಿ ಚೆಲ್ಲದೆ ನೀರು ಹಿಡಿದು ಕುಡಿದು ಬರ್ತಾರೆ. ನಾನು ಕಣ್ಣಾರೆ ಕಂಡದ್ದು. ಕಂಡದ್ದು ಅಂದರೆ, ಕೇಳಿದ್ದು.

ಕಾರ್ಖಾನೆಯ ಬಹಳಷ್ಟು ಭಾಗ ಈಗ ಇಲ್ಲ. ಒಂದು ಹಳೇ ಕಟ್ಟಡದಲ್ಲಿ ಮ್ಯೂಸಿಯಂ ಮಾಡಿದ್ದಾರೆ, ಯಂತ್ರಗಳು ಇದ್ದಲ್ಲೇ ಇವೆ. ಅಜ್ಜಿಯನ್ನು ಕರೆದುಕೊಂಡು ಹೋಗಿದ್ದೆ. ಗೈಡ್ ಒಂದು ಯಂತ್ರದ ಬಗ್ಗೆ ಹೇಳುವಾಗ ಇವರು ಮೆಲ್ಲಗೆ ‘ಇದರ ಬಣ್ಣ ಇದಾ!’ ಅಂದರು.

ಹಾಸನದ ಸ್ಟುಡಿಯೋ
ಅಯ್ಯೋ ಅಕ್ಕಾ, ಓರ್ವೋ! ನಮ್ಮಪ್ಪನ ಸ್ಟುಡಿಯೋದಲ್ಲಿ ಮದುವೆ ಫೋಟೊ ತೆಗೀತಿದ್ದದ್ದೇ ಓರ್ವೋ ರೋಲಿನಲ್ಲಿ. ಆಗ ಪೂರ್ವ ಜರ್ಮನಿ ಜೊತೆ ರೂಪಾಯಿ ಲೆಕ್ಕದಲ್ಲೇ ವ್ಯಾಪಾರ ಇತ್ತು, ಕೊಡಾಕ್‌ಗಿಂತ ಸುಲಭವಾಗಿ ಸಿಗುತ್ತಿತ್ತು. ಖಾಲಿ ಡಬ್ಬಿಯಲ್ಲಿ ಅಮ್ಮ ಅರಿಶಿನ ಕುಂಕುಮ ಹಾಕಿ ಇಡುತ್ತಿದ್ದರು. ಅದು ಜರ್ಮನಿಯ ಅಜ್ಜಿಯರು ಕತ್ತಲಲ್ಲಿ ಮಾಡಿದ್ದು ಅಂತ ಈವತ್ತು ಗೊತ್ತಾಯಿತು. ಅಪ್ಪನಿಗೆ ಓದಿ ಹೇಳ್ತೀನಿ.

ನಕ್ಷೆ ಮಾವ
ಕಾರ್ಖಾನೆ ಮಾತು ಬಂದದ್ದಕ್ಕೆ ಒಂದು ಸೇರಿಸ್ತೀನಿ. ಯಾವ ಬೇಲಿಯನ್ನೂ ಹಾರದೆ ಎದೆ ಝಲ್ ಅನ್ನಿಸಿಕೊಳ್ಳಬೇಕಾದರೆ ಲಿಖ್ಟರ್‌ಫೆಲ್ಡ್‌ನ ಎಫ್-60 ನೋಡಿ. ಕಂದು ಕಲ್ಲಿದ್ದಲಿನ ಮೇಲಿನ ಮಣ್ಣು ತೆಗೆಯುವ ಕಬ್ಬಿಣದ ಸೇತುವೆ. 502 ಮೀಟರ್ ಉದ್ದ, 11,000 ಟನ್. ಐಫೆಲ್ ಗೋಪುರವನ್ನು ಮಲಗಿಸಿದ ಹಾಗೆ ಅಂತಾರೆ, ಐಫೆಲ್‌ಗಿಂತ ಉದ್ದವೇ. 1991ರಲ್ಲಿ ಶುರು, 1992ರಲ್ಲಿ ಬಂದ್. ಒಂದು ವರ್ಷ ಚಿಲ್ಲರೆ ಅಷ್ಟೇ ದುಡಿದದ್ದು. ಈಗ ಟಿಕೆಟ್ ಕೊಟ್ಟು, ಹೆಲ್ಮೆಟ್ ಹಾಕಿಕೊಂಡು ಮೇಲೆ ಹತ್ತಬಹುದು. ಗಾಳಿ ಬೀಸಿದಾಗ ಇಡೀ ಯಂತ್ರ ಸಣ್ಣಗೆ ನರಳುತ್ತದೆ.

ಹಳೇ ಬರ್ಲಿನಿಗ
ಪಟ್ಟಿಯಲ್ಲಿ ಉಳಿದದ್ದು ವ್ಯೂನ್ಸ್‌ಡಾರ್ಫ್. ಅದನ್ನು ಬಿಡುವು ಮಾಡಿಕೊಂಡು ಬರೆಯೋಣ ಅಂತ ಕಾದಿದ್ದೆ.

ಬರ್ಲಿನ್‌ನಿಂದ ದಕ್ಷಿಣಕ್ಕೆ 40 ಕಿಲೋಮೀಟರ್. ಜರ್ಮನಿಯಲ್ಲಿದ್ದ ಇಡೀ ಸೋವಿಯತ್ ಸೇನೆಯ ಮುಖ್ಯ ಕಚೇರಿ ಇದ್ದದ್ದು ಇಲ್ಲಿ. ವಾಪಸಾತಿ ಶುರುವಾದಾಗ ಆ ಸೇನೆ ಎಷ್ಟಿತ್ತು ಗೊತ್ತಾ? ಹೆಂಡತಿ ಮಕ್ಕಳು ಎಲ್ಲ ಸೇರಿ 5 ಲಕ್ಷಕ್ಕೂ ಜಾಸ್ತಿ ಜನ. ವ್ಯೂನ್ಸ್‌ಡಾರ್ಫ್ ಒಂದರಲ್ಲೇ ಹತ್ತಾರು ಸಾವಿರ. ಶಾಲೆ, ಅಂಗಡಿ, ಥಿಯೇಟರು, ಈಜುಕೊಳ, ಮಾಸ್ಕೋಗೆ ದಿನಾ ಒಂದು ರೈಲು. ಅಕ್ಕಪಕ್ಕದ ಜರ್ಮನ್ನರಿಗೆ ಒಳಗೆ ಪ್ರವೇಶವಿಲ್ಲ. ಅವರು ಇಟ್ಟ ಹೆಸರು ‘ನಿಷೇಧಿತ ಊರು’, ‘ಪುಟ್ಟ ಮಾಸ್ಕೋ’.

ಅಧಿಕಾರಿಗಳ ಭವನ ಅಂತ ಒಂದು ದೊಡ್ಡ ಬಂಗಲೆ ಇದೆ. ಕಟ್ಟಿದ್ದು ಕೈಸರ್ ಕಾಲದಲ್ಲಿ, ಸೈನಿಕರ ವ್ಯಾಯಾಮ ಶಾಲೆಯಾಗಿ. ಮುಂದೆ ಲೆನಿನ್ ಪ್ರತಿಮೆ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ ನಿಂತಿದ್ದಾನೆ. ಮಾಲೀಕರ ಒಪ್ಪಿಗೆ ಪಡೆದು ಫೋಟೊ ತೆಗೆಯಲು ಕರೆದುಕೊಂಡು ಹೋಗುವ ಗುಂಪುಗಳಿವೆ. ನಾನು ಹಾಗೇ ಹೋಗಿದ್ದೆ. ಈಜುಕೊಳ, ವೇದಿಕೆ ಎಲ್ಲರೂ ತೆಗೆಯುವ ಫೋಟೊಗಳು. ನನಗೆ ನೆನಪಿರೋದು ಮೇಲಿನ ಒಂದು ಸಣ್ಣ ಕೋಣೆ. ಹೂವಿನ ವಾಲ್‌ಪೇಪರ್ ಸುರುಳಿಯಾಗಿ ಕೆಳಗೆ ಬಿದ್ದಿತ್ತು. ಅದರ ಅಡಿ ಗೋಡೆಗೆ ಅಂಟಿಸಿದ್ದು ಪೂರ್ತಿ ಪ್ರಾವ್ದಾ ಪತ್ರಿಕೆ. ನಮ್ಮ ಮನೆ ಕಪಾಟಿನಲ್ಲಿ ಅಮ್ಮ ಪ್ರಜಾವಾಣಿ ಹಾಸುತ್ತಿದ್ದಳಲ್ಲ, ಅದೇ ಅಳತೆ, ಅದೇ ಹಳದಿ. ಯಾರೋ ಅಧಿಕಾರಿಯ ಹೆಂಡತಿ ಗೋಂದು ಹಚ್ಚುತ್ತಾ ಕೂತಿದ್ದಿರಬೇಕು. ಈಗ ಈ ಮನೆ ನಮ್ಮದು, ಗೋಡೆ ತಣ್ಣಗಾಗಬಾರದು ಅಂತ.

ಊರು ಪೂರ್ತಿ ಪಾಳಲ್ಲ ಅನ್ನೋದೂ ಗೊತ್ತಿರಲಿ. ಎಷ್ಟೋ ಬ್ಯಾರಕ್ಕುಗಳು ಈಗ ಮನೆಗಳು, ಕಚೇರಿಗಳು. ರಾಜ್ಯದ ಸ್ಮಾರಕ ರಕ್ಷಣೆ ಇಲಾಖೆಯೇ ಅಲ್ಲಿದೆ. 1998ರಿಂದ ಹಳೇ ಪುಸ್ತಕಗಳ ಅಂಗಡಿಗಳಿವೆ. ಬಂಕರ್ ನೋಡಲು ಗೈಡ್ ಸಿಗ್ತಾರೆ. ಅಲ್ಲಲ್ಲಿ ಹುತ್ತದ ಆಕಾರದ ಕಾಂಕ್ರೀಟ್ ಗೋಪುರಗಳು ಕಾಣುತ್ತವೆ. ನಾಜಿ ಕಾಲದ ಬಾಂಬ್ ಆಸರೆ, ಮೇಲೆ ಬಿದ್ದ ಬಾಂಬ್ ಜಾರಿ ಪಕ್ಕಕ್ಕೆ ಹೋಗಲಿ ಅಂತ ಆ ಚೂಪು.

ಈಗ ಮುಖ್ಯ ಮಾತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರ ಹೋರಾಡಿ ಸಿಕ್ಕಿಬಿದ್ದ ನಮ್ಮ ದೇಶದ ಸಿಪಾಯಿಗಳನ್ನು ಜರ್ಮನ್ನರು ಇಟ್ಟದ್ದು ಇದೇ ವ್ಯೂನ್ಸ್‌ಡಾರ್ಫ್‌ನಲ್ಲಿ. ಅರ್ಧಚಂದ್ರ ಶಿಬಿರ ಅಂತ ಹೆಸರು. ಮುಸ್ಲಿಂ ಕೈದಿಗಳನ್ನು ಬ್ರಿಟಿಷರು, ಫ್ರೆಂಚರ ವಿರುದ್ಧ ತಿರುಗಿಸುವ ಆಸೆಗೆ 1915ರಲ್ಲಿ ಮರದ ಮಸೀದಿಯನ್ನೇ ಕಟ್ಟಿಸಿದ್ದರು. ಜರ್ಮನಿಯಲ್ಲಿ ನಮಾಜಿಗಾಗಿ ಕಟ್ಟಿದ ಮೊದಲ ಮಸೀದಿ ಅದು. ಈಗ ಇಲ್ಲ, ಮಸೀದಿ ಬೀದಿ ಅನ್ನೋ ಹೆಸರು ಮಾತ್ರ ಉಳಿದಿದೆ. ಸತ್ತ ಕೈದಿಗಳನ್ನು ಹತ್ತಿರದ ತ್ಸೇರೆನ್ಸ್‌ಡಾರ್ಫ್‌ನಲ್ಲಿ ಮಣ್ಣು ಮಾಡಿದರು. ಆ ಹಳ್ಳಿಯನ್ನೇ ಸೇನೆಯ ತಾಲೀಮಿಗೆ ಅಂತ ಖಾಲಿ ಮಾಡಿಸಿದ್ದರು. 1945ರ ನಂತರ ಅದು ಸೋವಿಯತ್ ಸೇನೆಯ ತಾಲೀಮು ಮೈದಾನದೊಳಗೆ ಸೇರಿತು. ಯಾರೂ ಹೋಗುವಂತಿರಲಿಲ್ಲ. 1994ರಲ್ಲಿ ಗೇಟು ತೆಗೆದಾಗ ಸಮಾಧಿಗಳು ಗುರುತು ಸಿಗದಷ್ಟು ಹಾಳಾಗಿದ್ದವು. ದುರಸ್ತಿಯಾಗಿ ಮತ್ತೆ ತೆರೆದದ್ದು 2005ರಲ್ಲಿ. 206 ಭಾರತೀಯ ಸಿಪಾಯಿಗಳು ಅಲ್ಲಿದ್ದಾರೆ. ಪಾಳು ನೋಡಬೇಕು ಅಂತ ಹೊರಟವನೇ, ಮೊದಲು ಅಲ್ಲಿಗೆ ಹೋಗು.

ಹಾಲೆ ಅಕ್ಕ
ಆ ಕೈದಿಗಳ ದನಿಯೂ ಇದೆ. ಜರ್ಮನ್ ಪಂಡಿತರು ಭಾಷೆಗಳ ಮಾದರಿ ಬೇಕು ಅಂತ ಒಬ್ಬೊಬ್ಬರನ್ನೇ ಕೊಳವೆ ಮುಂದೆ ನಿಲ್ಲಿಸಿ ಧ್ವನಿಮುದ್ರಿಸಿಕೊಂಡರು. ತಟ್ಟೆಗಳು ಈಗ ಬರ್ಲಿನ್‌ನ ಹುಂಬೋಲ್ಟ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. 1916ರಲ್ಲಿ ಮಾಲ್ ಸಿಂಗ್ ಅನ್ನೋ ಸಿಪಾಯಿ ಪಂಜಾಬಿಯಲ್ಲಿ ತನ್ನ ಕಥೆಯನ್ನೇ ಇನ್ಯಾರದೋ ಎಂಬಂತೆ ಹೇಳ್ತಾನೆ. ಊರಲ್ಲಿ ಬೆಣ್ಣೆ ತಿನ್ನುತ್ತಾ ಹಾಲು ಕುಡಿಯುತ್ತಾ ಇದ್ದ ಒಬ್ಬ ಮನುಷ್ಯ, ಇಲ್ಲೇ ಇನ್ನೆರಡು ವರ್ಷ ಇದ್ದರೆ ಸತ್ತುಹೋಗ್ತಾನೆ ಅಂತ. ಒಂದು ನಿಮಿಷ ಚಿಲ್ಲರೆ ಇರಬಹುದು. ನಾನು ಎರಡನೇ ಸಲ ಕೇಳೋಕೆ ಆಗಲಿಲ್ಲ.

ಕೆಂಬಾವುಟ
ಎಲ್ಲ ಸರಿ, ಆದರೆ ಸೋವಿಯತ್‌ನವರೇ ಹಿಟ್ಲರನನ್ನು ಮುಗಿಸಿದ್ದು ಅನ್ನೋದನ್ನ ಇಲ್ಲಿ ಯಾರೂ ಬರೀಲಿಲ್ಲ.

ಹಳೇ ಬರ್ಲಿನಿಗ
ಬರೆದಾಯಿತಲ್ಲ ಈಗ ನೀವು. ಆ ಜಗಳಕ್ಕೆ ಬೇರೆ ಎಳೆ ಶುರು ಮಾಡಿ ಮಾರಾಯ್ರೆ, ನಾನೂ ಬರ್ತೀನಿ. ಇಲ್ಲಿ ಬೇಡ.

ತೀರ್ಥಹಳ್ಳಿ ಹುಡುಗ
ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಪರೀಕ್ಷೆ ಇತ್ತು. ಹೋದ ಶನಿವಾರ ವ್ಯೂನ್ಸ್‌ಡಾರ್ಫ್‌ಗೆ ಹೋಗಿ ಬಂದೆ. ಸೈಕಲ್ ರೈಲಿನಲ್ಲಿ ಹಾಕಿಕೊಂಡು, ಸ್ಟೇಷನ್ನಿನಿಂದ ತುಳಿದೆ. ಲೆನಿನ್‌ನನ್ನು ಬೇಲಿಯ ಹೊರಗಿಂದಲೇ ನೋಡಿದೆ. ಬೇಲಿಯಲ್ಲಿ ಒಂದು ಕಡೆ ತೂತಿತ್ತು, ನಿಜ ಹೇಳ್ತೀನಿ, ಐದು ನಿಮಿಷ ಅದರ ಮುಂದೆ ನಿಂತಿದ್ದೆ. ಎದುರು ಮನೆಯ ಬಾಲ್ಕನಿಯಲ್ಲಿ ಒಬ್ಬರು ದಿಂಬಿನ ಕವರ್ ಒಣಹಾಕುತ್ತಿದ್ದರು. ಚಾಂಪಿಯನ್ ರೀಫ್ ಸಾರ್, ನಿಮ್ಮ ಅತ್ತೆ ನೆನಪಾದರು. ಸೈಕಲ್ ಹತ್ತಿದೆ.

ತ್ಸೇರೆನ್ಸ್‌ಡಾರ್ಫ್ ದಾರಿಯಲ್ಲಿ ಬರೀ ಪೈನ್ ಕಾಡು. ಅಕ್ಕಪಕ್ಕ ಹಳದಿ ಬೋರ್ಡು, ದಾರಿ ಬಿಟ್ಟು ಇಳಿಯಬೇಡಿ ಅಂತ. ಇಳಿಯಲಿಲ್ಲ ಮಾವ. ಕಾಡಿನ ಮಧ್ಯೆ ಇದ್ದಕ್ಕಿದ್ದಂತೆ ಕತ್ತರಿಸಿದ ಹುಲ್ಲು, ಸಾಲಾಗಿ ಕಲ್ಲುಗಳು. ನಾನೊಬ್ಬನೇ. ಒಂದೊಂದೇ ಹೆಸರು ಓದುತ್ತಾ ನಡೆದೆ. ಗಢವಾಲಿಗಳು, ಗೂರ್ಖಾಗಳು, ಪಂಜಾಬಿನವರು. ನಮ್ಮ ಕಡೆಯ ಹೆಸರು ಒಂದಾದರೂ ಇರಬಹುದಾ ಅಂತ ಹುಡುಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ. ಕೊನೆ ಸಾಲಿಗೆ ಬರುವ ಹೊತ್ತಿಗೆ ಜೋರಾಗಿ ಓದುತ್ತಿದ್ದೇನೆ ಅಂತ ಗೊತ್ತಾಯಿತು. ಫೋಟೊ ಎರಡೇ ತೆಗೆದೆ, ಎರಡರಲ್ಲೂ ನನ್ನ ಸೈಕಲ್ ಅಡ್ಡ ಬಂದಿದೆ.

ಬಿದ್ದು ಎದ್ದವನು
ಬೇಲಿ?

ತೀರ್ಥಹಳ್ಳಿ ಹುಡುಗ
ಅಲ್ಲಿ ಗೇಟಿದೆ. ಬೀಗ ಇರಲಿಲ್ಲ.

ಹಾಸನದ ಸ್ಟುಡಿಯೋ
ಮುಂದಿನ ತಿಂಗಳು ತಂಗಿ ಮನೆಗೆ ಬರ್ಲಿನ್‌ಗೆ ಬರ್ತಿದ್ದೀನಿ. ಅಪ್ಪನೂ ಜೊತೆಗಿರ್ತಾರೆ, ವೊಲ್ಫೆನ್ ನೋಡಲೇಬೇಕು ಅಂತ ಹಟ ಹಿಡಿದಿದ್ದಾರೆ. ಅಕ್ಕಾ, ಆ ಅಜ್ಜಿ ನಮ್ಮ ಜೊತೆ ಬರ್ತಾರಾ ಕೇಳ್ತೀರಾ? ಮತ್ತೆ ರೈಲಿನಲ್ಲಿ ಸೈಕಲ್‌ಗೆ ಬೇರೆ ಟಿಕೆಟ್ ಬೇಕಾ?

ಹಾಲೆ ಅಕ್ಕ
ಸೈಕಲ್‌ಗೆ ಬೇರೆ ಟಿಕೆಟ್ ಬೇಕು. ಅಜ್ಜಿಯನ್ನು ಕೇಳಿದೆ. ಹಳೇ ಓರ್ವೋ ಡಬ್ಬಿ ಮನೆಯಲ್ಲಿ ಉಳಿದಿದ್ದರೆ ಒಂದು ತರಬೇಕಂತೆ. ಕುಂಕುಮ ತೊಳೆಯೋದು ಬೇಡ, ಹಾಗೇ ತನ್ನಿ ಅಂದರು.